ಹುಣಸೆಹಣ್ಣಿಗೂ ಜಗ್ಗದ ಬಾಯಿ

ಅಳುವುದರಲ್ಲಿ ನಾನು ನಿಸ್ಸೀಮ. ಗಂಡಸಾದವನು ಇಂಥದ್ದನ್ನು ಬರೆದು ಸಾರಿಕೊಳ್ಳಬಾರದು. ಆದರೆ ಹೊಳೆನರಸೀಪುರದಲ್ಲಿ ನನ್ನನ್ನು ಬಲ್ಲವರಿಗೆಲ್ಲ ಇದು ಗೊತ್ತಿರುವುದರಿಂದ ಮುಚ್ಚಿಟ್ಟು ಉಪಯೋಗವಿಲ್ಲ. ಟೆಂಟಿನಲ್ಲಿ ನಾಟಕ ನಡೆಯುವಾಗ ರಾಜನ ಕಿರೀಟ ತೆಗೆಸಿದರೆ ಸಾಕು, ನನ್ನ ಕಣ್ಣು ತುಂಬುತ್ತದೆ. ಅವನನ್ನು ಕಾಡಿಗೆ ಕಳಿಸುವವರೆಗೂ ಕಾಯುವ ತಾಳ್ಮೆ ನನಗಿಲ್ಲ. ತಾಲ್ಲೂಕು ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದಾಗ ಹಳೆಯ ಜವಾನನೊಬ್ಬ ನಿವೃತ್ತನಾದ. ಅವನಿಗೆ ಹಾರ ಹಾಕಲು ಹೋಗಿ ನಾನು ಎಷ್ಟು ಅತ್ತೆನೆಂದರೆ, ಅವನೇ ಹಾರ ತೆಗೆದು ಮೇಜಿನ ಮೇಲಿಟ್ಟು, "ಸುಮ್ಕಿರಿ ಸಾ, ನಾನೇನು ಸತ್ತೋದ್ನಾ? ದಿನಾ ಬತ್ತಿರ್ತೀನಿ" ಎಂದು ನನ್ನ ಬೆನ್ನು ಸವರಬೇಕಾಯಿತು. ಮಾತಿಗೆ ತಪ್ಪದೆ ದಿನಾ ಬರುತ್ತಿದ್ದ. ಬಂದಾಗಲೆಲ್ಲ ನನ್ನ ಖರ್ಚಿನಲ್ಲಿ ಕಾಫಿ ಕುಡಿದು ಹೋಗುತ್ತಿದ್ದ.

ಇಂಥ ನನಗೆ ದೇವರು ಗಂಟು ಹಾಕಿದ್ದು ಗಿರಿಜಳನ್ನು. ಗಿರಿಜ ಅಳುವುದಿಲ್ಲ. ಹೊಗೆಗೆ ಅವಳ ಕಣ್ಣು ಕೆಂಪಾಗುತ್ತದೆ, ನೀರು ಬರುವುದಿಲ್ಲ. ಈರುಳ್ಳಿ ಹೆಚ್ಚುವವಳು ಅವಳು, ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುವವನು ನಾನು. ಮದುವೆಯಾದ ಹೊಸತರಲ್ಲಿ ಹೀಗಿರಲಿಲ್ಲ. ಮಗಳು ಪಾರ್ವತಿ ಲಂಗ ದಾವಣಿಗೆ ಬರುವ ಹೊತ್ತಿಗೆ ಒಂದೊಂದಾಗಿ ಶುರುವಾಯಿತು. ನಾನು ಇದನ್ನು ಮನಸ್ಥೈರ್ಯ ಎಂದುಕೊಂಡಿದ್ದೆ. ಮನೆಯಲ್ಲಿ ಒಬ್ಬರಾದರೂ ಗಟ್ಟಿಯಾಗಿರಲಿ ಎಂದು ಒಳಗೊಳಗೇ ಹೆಮ್ಮೆಪಟ್ಟದ್ದೂ ಉಂಟು.

ಆದರೆ ನಮ್ಮ ಕಡೆ ಹೆಂಗಸರ ಕಣ್ಣೀರು ಅವರ ಸ್ವಂತದ್ದಲ್ಲ, ನಂಟರಿಷ್ಟರಿಗೆ ಸೇರಿದ್ದು. ಸಾವಿನ ಮನೆಯಲ್ಲಿ ಅಳಬೇಕು, ಹೆಣ್ಣು ಒಪ್ಪಿಸಿಕೊಡುವಾಗ ಅಳಬೇಕು, ಬಹಳ ದಿನದ ಮೇಲೆ ತವರಿನವರು ಬಂದರೆ ಬಾಗಿಲಲ್ಲೇ ತಬ್ಬಿಕೊಂಡು ಅಳಬೇಕು. ಯಾರು ಎಲ್ಲಿ ಎಷ್ಟು ಅತ್ತರು ಎಂಬುದನ್ನು ನೆನಪಿಟ್ಟುಕೊಳ್ಳುವವರೂ ಇರುತ್ತಾರೆ. ನಮ್ಮ ವಂಶದಲ್ಲಿ ಆ ಅಧಿಕಾರ ದಂಡಿಗನಹಳ್ಳಿಯ ದೊಡ್ಡಮ್ಮನದು. ಅವರು ನನ್ನ ತಾಯಿಯ ಅಕ್ಕ. ಹಾಡಿ ಅಳುವುದರಲ್ಲಿ ಸುತ್ತಲ ಹಳ್ಳಿಗಳಲ್ಲಿ ಅವರನ್ನು ಮೀರಿಸಿದವರಿಲ್ಲ. ಸತ್ತವರ ಬೀದಿಯ ತಿರುವಿನವರೆಗೂ ಬೆಳೆ, ಮಳೆ, ಸೊಸೆಯ ತಪ್ಪು ಎಲ್ಲ ಮಾತಾಡಿಕೊಂಡು ಬಂದು, ತಿರುವು ದಾಟುತ್ತಲೇ ಎದೆಗೆ ಕೈಕೊಟ್ಟು ಶುರು ಮಾಡುತ್ತಿದ್ದರು. ಸತ್ತವರ ಹುಟ್ಟು, ಗುಣ, ಅವರಿಗೆ ಇಷ್ಟವಾಗಿದ್ದ ಹುರುಳಿ ಸಾರು ಎಲ್ಲವೂ ರಾಗವಾಗಿ ಬರುತ್ತಿತ್ತು. ನಡುವೆ ಎಲೆ ಅಡಿಕೆಗೆ ಬಿಡುವು ಬೇಕಾದರೆ ನಿಲ್ಲಿಸಿ, ಆಮೇಲೆ ಬಿಟ್ಟ ಕಡೆಯಿಂದಲೇ ಮುಂದುವರಿಸುತ್ತಿದ್ದರು.

ನನ್ನ ತಾಯಿ ಚನ್ನರಾಯಪಟ್ಟಣದ ನಮ್ಮ ಹಳೆಯ ಅಂಗಡಿಮನೆಯಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಅಲ್ಲೇ ಇದ್ದು ಅವರಿಗೆ ಗಂಜಿ ಕುಡಿಸಿ, ಮಗ್ಗುಲು ಬದಲಾಯಿಸಿ, ಹಾಸಿಗೆ ಒಗೆದು ನೋಡಿಕೊಂಡವಳು ಗಿರಿಜ. "ಸೊಸೆ ಅಲ್ಲ ಕಣಪ್ಪ, ಇವಳು ನನ್ನ ಹೊಟ್ಟೇಲಿ ಹುಟ್ಬೇಕಾಗಿತ್ತು" ಎಂದು ಅಮ್ಮ ನೂರು ಸಲ ಹೇಳಿದ್ದರು. ಆದರೆ ಹೇಳಿದ್ದು ನನಗೊಬ್ಬನಿಗೆ. ಸತ್ತ ದಿನ ಕೂಡಿದ್ದ ಜನಕ್ಕೆ ಕಂಡದ್ದು ಬೇರೆ. ವಿಭೂತಿ ಹಚ್ಚಿ ಕೂರಿಸಿದ್ದ ಅತ್ತೆಯ ಪಕ್ಕದಲ್ಲಿ ಸೊಸೆ ಸುಮ್ಮನೆ ಕೂತಿದ್ದಾಳೆ, ಕಣ್ಣಲ್ಲಿ ಒಂದು ಹನಿ ಇಲ್ಲ. ಅದೂ ಹೋಗಲಿ ಎಂದರೆ ಅವಳ ಎರಡು ಕೆನ್ನೆಯೂ ಕಿವಿಯ ಕೆಳಗೆ ಉಬ್ಬಿಕೊಂಡು, ಬಾಯಲ್ಲಿ ಎರಡು ಉಂಡೆ ಇಟ್ಟುಕೊಂಡವಳ ಹಾಗೆ ಕಾಣುತ್ತಿದ್ದಾಳೆ. ಮೇಲಾಗಿ ಗಳಿಗೆಗೊಮ್ಮೆ ಎದ್ದುಹೋಗಿ ಚೊಂಬೆತ್ತಿ ನೀರು ಕುಡಿದು ಬರುತ್ತಿದ್ದಾಳೆ. ದೊಡ್ಡಮ್ಮ ಎರಡು ಪದ್ಯದ ನಡುವೆ ಇದನ್ನೆಲ್ಲ ನೋಡಿದರು. ರಾಗ ನಿಂತಿತು.

"ಲೇ ಶಿವಣ್ಣ, ನಿನ್ನೆಂಡ್ರು ಕಲ್ಲು ಕಣ್ಲಾ! ಅತ್ತೆ ಎಣದ ಮುಂದೆ ಕೂತ್ಕಂಡು ಅದೇನ್ಲಾ ಬಾಯಿಗ್ ತುಂಬ್ಕಂಡವ್ಳೆ?" ಎಂದು ಕೇಳಿಯೇ ಬಿಟ್ಟರು.

ನಾನಾಗಲೇ ಎರಡನೆಯ ಟವೆಲನ್ನು ಒದ್ದೆ ಮಾಡುತ್ತಿದ್ದೆ.

ದೊಡ್ಡಮ್ಮನ ತೀರ್ಪು ಬಸ್ಸಿಗಿಂತ ಮೊದಲು ಊರೂರು ತಲುಪಿತು. ದುದ್ದದಲ್ಲಿ ನನ್ನ ತಂಗಿಯ ನಾದಿನಿ ಕೇಳಿಸಿಕೊಂಡಳು, ಅಲ್ಲಿಂದ ಹಾಸನಕ್ಕೆ ಹೋಯಿತು, ಹಾಸನದಿಂದ ಅರಕಲಗೂಡಿಗೆ. ಅರಕಲಗೂಡು ತಲುಪುವಾಗ ಗಿರಿಜ ಬಾಯಲ್ಲಿ ಇಟ್ಟುಕೊಂಡಿದ್ದದ್ದು ಎಳ್ಳುಂಡೆ ಎಂದು ತೀರ್ಮಾನವಾಗಿತ್ತು. ಬೇರೆ ಊರಾದರೆ ಆಡಿಕೊಳ್ಳಲಿ ಎಂದು ಬಿಡಬಹುದಿತ್ತು. ಅರಕಲಗೂಡಿನ ಜವಳಿ ಅಂಗಡಿಯವರ ಮನೆಯಲ್ಲಿ ಪಾರ್ವತಿಗೆ ಸಂಬಂಧ ಕೂಡಿಬರುವುದರಲ್ಲಿತ್ತು. ಹುಡುಗ ಮೇಷ್ಟ್ರು, ಒಳ್ಳೆಯವನು, ಪಾರ್ವತಿಯೂ ಅವನನ್ನು ಒಂದೇ ಸಲ ನೋಡಿ ಎರಡು ದಿನ ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದಳು. ಈಗ ಅಲ್ಲಿಂದ ಹೇಳಿಕಳಿಸಿದರು: ಆತುರವಿಲ್ಲ, ಮುಂದೆ ನೋಡೋಣ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯನ್ನು ಹುಡುಗನ ತಾಯಿ ಮರಿದೇವಮ್ಮನವರು ಯಾರ ಮುಂದೆಯೋ ಅಂದರಂತೆ. ಜವಳಿ ಅಂಗಡಿಯವರ ಬಾಯಲ್ಲಿ ಆ ಗಾದೆಗೆ ತೂಕ ಜಾಸ್ತಿ.

ಅದನ್ನು ಕೇಳಿದ ದಿನದಿಂದ ಗಿರಿಜ ಹೊರಗೆ ಹೋಗುವುದನ್ನು ನಿಲ್ಲಿಸಿದಳು. ಹೋದರೂ ಸೆರಗನ್ನು ಕೆನ್ನೆಯವರೆಗೆ ಎಳೆದುಕೊಳ್ಳುತ್ತಿದ್ದಳು. ಆ ಉಬ್ಬಿಗೆ ನಾವು ಮಾಡದ ಮದ್ದಿರಲಿಲ್ಲ. ನೋಡಿದವರೆಲ್ಲ ಮಂಗನಬಾವು ಎಂದರು. ಮಕ್ಕಳಿಗೆ ಬರುವ ಮಂಗನಬಾವು ಮಗಳ ಮದುವೆ ಕಾಲಕ್ಕೆ ತಾಯಿಗೆ ಬಂತಲ್ಲ ಎಂದು ನೆರೆಹೊರೆಯವರು ನಕ್ಕರು. ಅರಿಶಿನ ಹಚ್ಚಿದ್ದಾಯಿತು, ಕೆಮ್ಮಣ್ಣು ಬಳಿದದ್ದಾಯಿತು. ಕೆಮ್ಮಣ್ಣು ಬಳಿದುಕೊಂಡ ದಿನ ಬಾಗಿಲು ತೆಗೆದ ಗಿರಿಜಳನ್ನು ಕಂಡು ಹಾಲಿನವನು ಹಾಲು ಅಳೆಯದೆ ಪಾತ್ರೆಯನ್ನೇ ಇಟ್ಟು ಓಡಿದ. ಅದೊಂದೇ ನಮಗಾದ ಲಾಭ. ಉಬ್ಬು ಮಾತ್ರ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಅವಲಕ್ಕಿ, ಹುರಿಗಡಲೆ, ರೊಟ್ಟಿ ಇವೆಲ್ಲ ಅವಳ ಬಾಯಿಂದ ಎಂದೋ ದೂರವಾಗಿದ್ದವು. ಮುದ್ದೆಯನ್ನು ಸಾರಿನಲ್ಲಿ ಮುಳುಗಿಸಿ ಹೇಗೋ ನುಂಗುತ್ತಿದ್ದಳು. ಎಲ್ಲಿ ಹೋದರೂ ಕೈಯಲ್ಲಿ ನೀರಿನ ಚೊಂಬು. ಬೆರಳಿನ ಗೆಣ್ಣುಗಳೂ ನೋಯುತ್ತಿದ್ದವು.

ಕೊನೆಗೆ ಹಾಸನದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಒಬ್ಬ ಕಿರಿಯ ಡಾಕ್ಟರಿದ್ದರು. ಮೈಸೂರಿನಲ್ಲಿ ಓದಿ ಬಂದವರು, ಓದಿದ್ದನ್ನೆಲ್ಲ ಒಂದು ಸಲವಾದರೂ ಕಣ್ಣಾರೆ ಕಾಣಬೇಕೆಂಬ ಹಂಬಲದವರು. ಅವರು ಗಿರಿಜಳ ಕೆನ್ನೆ ಮುಟ್ಟಿದರು, ನಾಲಗೆ ನೋಡಿದರು, ಬೆರಳು ಬಗ್ಗಿಸಿದರು. ಕೊನೆಗೆ, "ಅಮ್ಮ, ಅತ್ತರೆ ಕಣ್ಣಲ್ಲಿ ನೀರು ಬರುತ್ತಾ?" ಎಂದು ಕೇಳಿದರು. ಯಾರೂ ಹೇಳದೆಯೇ ಅದನ್ನು ಕೇಳಿದ್ದರಿಂದ ನನಗೆ ಅವರು ಜ್ಯೋತಿಷಿಯೋ ಎಂದು ಸಂಶಯ ಬಂತು. ಗಿರಿಜ ಇಲ್ಲವೆಂದು ತಲೆಯಾಡಿಸಿದಳು. ಡಾಕ್ಟರ ಮುಖ ಅರಳಿತು. ರೋಗಿಯ ಎದುರು ಅಷ್ಟು ಸಂತೋಷಪಡಬಾರದೆಂದು ಹೊಳೆದು ಕೂಡಲೇ ಗಂಭೀರವಾದರು.

ಅವರು ವಿವರಿಸಿದ್ದು ಇಷ್ಟು. ನಮ್ಮ ಮೈಯೊಳಗೆ ರೋಗ ತಡೆಯುವ ಕಾವಲುಗಾರರು ಇರುತ್ತಾರೆ. ಕೆಲವರಲ್ಲಿ ಆ ಕಾವಲುಗಾರರೇ ದಾರಿತಪ್ಪಿ ಮನೆಯವರನ್ನು ಕಳ್ಳರೆಂದು ತಿಳಿದು ಬಡಿಯುತ್ತಾರೆ. ಇವಳಲ್ಲಿ ಪೆಟ್ಟು ಬಿದ್ದಿರುವುದು ಕಣ್ಣೀರಿನ ಗ್ರಂಥಿಗೆ ಮತ್ತು ಜೊಲ್ಲಿನ ಗ್ರಂಥಿಗೆ. ನನಗಿದು ಚೆನ್ನಾಗಿ ಅರ್ಥವಾಯಿತು. ನಮ್ಮ ಮನೆಯ ನಾಯಿ ಕಳ್ಳ ಬಂದ ದಿನ ಬಾಲ ಅಲ್ಲಾಡಿಸಿ, ನಾನು ಕೋಟು ಹಾಕಿಕೊಂಡು ಬಂದ ದಿನ ನನ್ನ ಮೀನಖಂಡ ಹಿಡಿದಿತ್ತು. "ಅನುಮಾನ ಪರಿಹಾರ ಆಗಬೇಕಾದರೆ ಒಂದು ಎಕ್ಸ್‌ರೇ ತೆಗೀಬೇಕು. ಕೆನ್ನೆಯೊಳಗೆ ಜೊಲ್ಲು ಬರೋ ಒಂದು ಸಣ್ಣ ನಾಳ ಇದೆ. ಅದರೊಳಕ್ಕೆ ಒಂದು ಥರದ ಎಣ್ಣೆ ಬಿಟ್ಟರೆ ಗ್ರಂಥಿಯ ಒಳಗೆಲ್ಲ ಹರಡಿ ಚಿತ್ರದಲ್ಲಿ ಕಾಣುತ್ತೆ. ಎಣ್ಣೆ ಮೈಸೂರಿಂದ ತರಿಸ್ತೀನಿ, ಬರೋ ವಾರ ಬನ್ನಿ" ಎಂದರು.

ಬರುವ ವಾರ ನಾವು ಹೊರಟಾಗ ದೊಡ್ಡಮ್ಮನೂ ಹೊರಟು ಬಂದರು. ಯಾರಾದರೂ ಆಸ್ಪತ್ರೆಗೆ ಹೋಗುತ್ತಾರೆಂದರೆ ಅವರು ಮನೆಯಲ್ಲಿ ಕೂರುವವರಲ್ಲ. ಅಲ್ಲಿ ಏನು ಬೇಕಾದರೂ ಆಗಬಹುದು, ಆದರೆ ತಾವು ಹತ್ತಿರವಿರಬೇಕು ಎಂಬುದು ಅವರ ಲೆಕ್ಕ. ಜೊತೆಗೆ, ಇವಳ ಬಾಯಲ್ಲಿ ಏನಿದೆ ಎಂದು ಸರ್ಕಾರವೇ ಫೋಟೋ ತೆಗೆಯುತ್ತದೆಂದರೆ ಅದನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಎಕ್ಸ್‌ರೇ ಕೋಣೆಯಲ್ಲಿ ಗಿರಿಜಳನ್ನು ಕುರ್ಚಿಯ ಮೇಲೆ ಕೂರಿಸಿದರು. ಡಾಕ್ಟರು ಕೆನ್ನೆ ಅಗಲಿಸಿ ಟಾರ್ಚು ಬಿಟ್ಟು ಹುಡುಕಿದರು. ನಾಳದ ಬಾಯಿ ಮೇಲಿನ ದವಡೆ ಹಲ್ಲಿನ ಎದುರಿಗೇ ಇರುತ್ತದಂತೆ, ಸೂಜಿಯ ಮೊನೆಯಷ್ಟು. ಜೊಲ್ಲು ಜಿನುಗಿದರೆ ಅದು ಎಲ್ಲಿದೆ ಎಂದು ಗೊತ್ತಾಗುತ್ತದೆ. ಜಿನುಗಿಸುವುದಕ್ಕೆ ನಿಂಬೆಹಣ್ಣು. ಅರ್ಧ ಹೋಳನ್ನು ಗಿರಿಜಳ ನಾಲಗೆಯ ಮೇಲೆ ಹಿಂಡಿದರು. ಅವಳು ಮುಖ ಕಿವುಚಿದಳು, ನೀರು ಬರಲಿಲ್ಲ. ಇನ್ನರ್ಧ ಹಿಂಡಿದರು. ಉರಿಯುತ್ತದೆ ಎಂದಳು. ಡಾಕ್ಟರು ಟಾರ್ಚು ಇಳಿಸಿ ಬೆವರೊರೆಸಿಕೊಂಡರು.

ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮನಿಗೆ ತಡೆಯಲಿಲ್ಲ. "ನಿಂಬೆಅಣ್ಣಿಗೆಲ್ಲಿ ಬತ್ತದೆ ಸಾ? ತಿನ್ನೋರ್‌ಗಿಂತ ನೋಡೋರ್‌ಗೆ ಬಾಯಲ್ಲಿ ನೀರ್ ಬರೋದು. ಜರುಗಿ ವಸಿ" ಎಂದು ಒಳಗೆ ಬಂದು ಗಿರಿಜಳ ಎದುರಿಗಿದ್ದ ಸ್ಟೂಲಿನ ಮೇಲೆ ಕೂತರು. ಸೊಂಟದ ಎಲೆಅಡಿಕೆ ಚೀಲದಿಂದ ಒಂದು ಹುಣಸೆಹಣ್ಣಿನ ಉಂಡೆ ತೆಗೆದರು, ಉಪ್ಪು ಮೆಣಸಿನಕಾಯಿ ಹಾಕಿ ಕುಟ್ಟಿದ್ದು. ನಮ್ಮ ಕಡೆ ಮದುವೆಯಲ್ಲಿ ಓಲಗದವನನ್ನು ಗೋಳುಹುಯ್ದುಕೊಳ್ಳಲು ಹುಡುಗರು ಮಾಡುವ ಕಿತಾಪತಿಯೇ ಇದು. ಅವನ ಎದುರಿಗೆ ಕೂತು ಹುಣಸೆಹಣ್ಣು ಚೀಪಿದರೆ ಅವನ ಬಾಯಲ್ಲಿ ನೀರೂರಿ ಓಲಗ ಪೀ ಎನ್ನುವ ಬದಲು ಬುಸ್ ಎನ್ನುತ್ತದೆ. ದೊಡ್ಡಮ್ಮ ಉಂಡೆಯನ್ನು ನಾಲಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ, ಲೊಟ್ಟೆ ಹೊಡೆದು, ಮೈಯೆಲ್ಲ ಜುಂ ಎಂದವರ ಹಾಗೆ ತಲೆ ಒದರಿದರು. ನನ್ನ ಗಂಟಲು ಗುಳಕ್ ಎಂದಿತು. ಎಕ್ಸ್‌ರೇ ತೆಗೆಯುವವನು ಗೋಡೆಯ ಕಡೆ ತಿರುಗಿದ. ಡಾಕ್ಟರು, "ಅಜ್ಜಿ, ಇದೆಲ್ಲ..." ಎಂದು ಬಾಯಿ ತೆರೆದವರು ಕೂಡಲೇ ಮುಚ್ಚಿ ನುಂಗಿಕೊಂಡು, ಮತ್ತೆ ತೆರೆದು, ಮತ್ತೆ ಮುಚ್ಚಬೇಕಾಯಿತು. ಆ ಕೋಣೆಯಲ್ಲಿ ಜೊಲ್ಲಿಗೆ ಬರವಿದ್ದ ಬಾಯಿ ಒಂದೇ. ಗಿರಿಜ ದೊಡ್ಡಮ್ಮನನ್ನು ಕನಿಕರದಿಂದ ನೋಡುತ್ತ ಕೂತಿದ್ದಳು.

ದೊಡ್ಡಮ್ಮ ಚೀಪುವುದನ್ನು ನಿಲ್ಲಿಸಿದರು. ಇನ್ನೊಮ್ಮೆ ಜೋರಾಗಿ ಲೊಟ್ಟೆ ಹೊಡೆದು ನೋಡಿದರು. ಆಮೇಲೆ ಉಂಡೆಯನ್ನು ಕೈಯಲ್ಲೇ ಹಿಡಿದುಕೊಂಡು, "ಅಯ್ಯೋ ಶಿವನೇ, ಈ ಮಗೀಗೆ ನಿಜವಾಗ್ಲೂ ಬರಾಕಿಲ್ವಾ?" ಎಂದರು. ನಿಂಬೆಹಣ್ಣಿಗೂ ಡಾಕ್ಟರಿಗೂ ಇಲ್ಲದ ಅಧಿಕಾರ ಅವರ ಹುಣಸೆಹಣ್ಣಿಗಿತ್ತು. ಅದು ಸೋತದ್ದನ್ನು ಅವರು ಜೀವಮಾನದಲ್ಲಿ ಕಂಡಿರಲಿಲ್ಲ.

ಡಾಕ್ಟರು ಕೊನೆಗೆ ಕೆನ್ನೆಯನ್ನು ಹೊರಗಿನಿಂದ ಒತ್ತಿ ಒತ್ತಿ, ಮಂಜಿನ ಹನಿಯಂಥ ಒಂದೇ ಹನಿ ಹೊರಡಿಸಿ, ನಾಳ ಹುಡುಕಿ, ಕೂದಲೆಳೆಯಂಥ ಕೊಳವೆ ತೂರಿಸಿ ಎಣ್ಣೆ ಬಿಟ್ಟರು. ಗಿರಿಜ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಳು, ಹಾ ಎನ್ನಲಿಲ್ಲ. ಹಾ ಎಂದವನು ನಾನು. ನನ್ನನ್ನು ಹೊರಗೆ ಕಳಿಸಿದರು.

ಚಿತ್ರ ಒಣಗಿದ ಮೇಲೆ ಡಾಕ್ಟರು ಅದನ್ನು ಕಿಟಕಿಗೆ ಹಿಡಿದು ತೋರಿಸಿದರು. ಚೆನ್ನಾಗಿರುವ ಗ್ರಂಥಿಯಾದರೆ ಎಲೆ ಉದುರಿದ ಮರದ ಹಾಗೆ ಕವಲು ಕವಲಾಗಿ ಕಾಣುತ್ತದಂತೆ. ಗಿರಿಜಳದರಲ್ಲಿ ಕವಲುಗಳು ಹೆಚ್ಚಿರಲಿಲ್ಲ, ಕಾಯಿ ಬಿಟ್ಟ ಅತ್ತಿಮರದಂತೆ ಬರೀ ಚುಕ್ಕೆಗಳು. ಕಾಲುವೆಗಳು ಹಾಳಾಗಿ ಎಣ್ಣೆ ಅಲ್ಲಲ್ಲೇ ಗುಂಡಿಗಳಲ್ಲಿ ನಿಂತಿದೆ ಎಂದರು. "ಅಂಗಂದ್ರೆ ತೂಬು ಕಟ್ಕಂಡದೆ, ಗದ್ದೆಗೆ ನೀರು ಅರೀತಿಲ್ಲ" ಎಂದು ದೊಡ್ಡಮ್ಮ ಕೆರೆಯ ಭಾಷೆಗೆ ತಂದುಕೊಂಡರು. ಹೆಚ್ಚುಕಡಿಮೆ ಸರಿ ಎಂದರು ಡಾಕ್ಟರು. ಆಮೇಲೆ ಶಾಯಿ ಹೀರುವ ಒತ್ತುಕಾಗದದಂಥ ಒಂದು ಪಟ್ಟಿ ಕತ್ತರಿಸಿ ಗಿರಿಜಳ ಕೆಳರೆಪ್ಪೆಗೆ ಸಿಕ್ಕಿಸಿ ಐದು ನಿಮಿಷ ಬಿಟ್ಟರು. ತೆಗೆದಾಗ ಅದು ಅಂಗಡಿಯಿಂದ ತಂದ ಹಾಗೇ ಇತ್ತು. ಕಾಗದವೇ ಸರಿಯಿಲ್ಲದಿದ್ದರೆ ಎಂದು ದೊಡ್ಡಮ್ಮ ಕೊನೆಯ ಅಡ್ಡಮಾತು ಹಾಕಿದರು. ಪರೀಕ್ಷೆಗೆಂದು ನನ್ನ ಕಣ್ಣಿಗೆ ಇನ್ನೊಂದು ಪಟ್ಟಿ ಸಿಕ್ಕಿಸಿದರು. ಡಾಕ್ಟರು ಬೆರಳು ತೆಗೆಯುವುದರೊಳಗೆ ಅದು ತುದಿಯವರೆಗೆ ತೊಯ್ದು ನನ್ನ ಮೀಸೆಯ ಮೇಲೆ ಬಿತ್ತು. "ನಿಮ್ಮದು ಬೇರೆ ಕಾಯಿಲೆ" ಎಂದರು ಡಾಕ್ಟರು. ಗಿರಿಜಳದ್ದಕ್ಕೆ ಪೂರ್ತಿ ವಾಸಿಮಾಡುವ ಮದ್ದಿಲ್ಲ, ಕಣ್ಣಿಗೆ ಹನಿ ಹಾಕಿಕೊಳ್ಳಬೇಕು, ನೀರು ಕುಡಿಯುತ್ತಿರಬೇಕು ಎಂದೂ ಹೇಳಿದರು. ನನ್ನದಕ್ಕೆ ಏನೂ ಹೇಳಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಕೂತಾಗ ದೊಡ್ಡಮ್ಮ ಹುಣಸೆ ಉಂಡೆಯನ್ನು ಚೀಲಕ್ಕೆ ಸೇರಿಸಿ ಬಾಯಿ ಕಟ್ಟಿದರು. ಆಮೇಲೆ ಕೇಳಿದರು, "ನಿಮ್ಮತ್ತೆ ಸತ್ತ್ ದಿನ ನಿಂಗೆ ಅಳ್ಬೇಕು ಅನ್ನುಸ್ತಾ ಗಿರಿಜ?"

"ಅನ್ನಿಸ್ತು ದೊಡ್ಡತ್ತೆ. ಎದೆ ಒಡೆದುಹೋಗೋ ಹಾಗೆ ಅನ್ನಿಸ್ತು. ಕಣ್ಣಿಗೆ ಮರಳು ತೂರಿದ ಹಾಗೆ ಉರೀತಿತ್ತು, ನೀರೇ ಬರ್ಲಿಲ್ಲ. ಯಾರಿಗೆ ಹೇಳಲಿ?"

ದೊಡ್ಡಮ್ಮ ಅತ್ತರು. ರಾಗವಿಲ್ಲ, ಪದವಿಲ್ಲ, ಎದೆ ಬಡಿದುಕೊಳ್ಳುವುದೂ ಇಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಸದ್ದಿಲ್ಲದೆ ಅತ್ತರು. ಅವರು ಹಾಗೆ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಅವರು ಮೂಗು ಸೀಟಿ ಎದ್ದು ನಿಂತು, "ಆ ಪಟ ಈಸ್ಕಂಡ್ ಬಾರ್ಲಾ ಶಿವಣ್ಣ. ಅರಕಲಗೂಡಿಗೆ ಓಗವ" ಎಂದರು. ಡಾಕ್ಟರು ಎರಡು ಚಿತ್ರ ತೆಗೆದಿದ್ದರಿಂದ ಒಂದನ್ನು ಕೊಟ್ಟರು.

ಮುಂದಿನ ಸೋಮವಾರ ಹಣ್ಣುಕಾಯಿ ಹಿಡಿದು ನಾವು ಮೂವರೂ ಅರಕಲಗೂಡಿನಲ್ಲಿ ಮರಿದೇವಮ್ಮನವರ ಪಡಸಾಲೆಯಲ್ಲಿ ಕೂತೆವು. ಹುಡುಗನ ತಂದೆ ಕಂಬಕ್ಕೊರಗಿ ಕೂತು ಮೀಸೆ ತಿರುವುತ್ತಿದ್ದರು. ಕುಶಲ ಪ್ರಶ್ನೆ ಮುಗಿಯುತ್ತಲೇ ದೊಡ್ಡಮ್ಮ, "ನಮ್ ಸೊಸೆ ಕಲ್ಲು ಅಂತ ನಿಮ್ಗೆ ಏಳ್ದೋಳು ನಾನೇ. ಆ ಮಾತ್ ವಾಪಸ್ ತಕಳಕ್ಕೆ ಬಂದಿವ್ನಿ. ಇಗಳಿ, ಸಾಕ್ಸಿ!" ಎಂದು ಚೀಲದಿಂದ ಚಿತ್ರ ಎಳೆದು ಬೆಳಕಿಂಡಿಯ ಬಿಸಿಲಿಗೆ ಹಿಡಿದರು. ದೊಡ್ಡಮ್ಮನಿಗೂ ನನಗೂ ಅದರಲ್ಲಿ ಕಾಣುತ್ತಿದ್ದದ್ದು ಅತ್ತಿಮರ ಮತ್ತು ಕಟ್ಟಿಕೊಂಡ ತೂಬು. ಹೊಸದಾಗಿ ನೋಡಿದವರಿಗೆ ಮೊದಲು ಕಂಡದ್ದು ಹಲ್ಲು ಕಿರಿದ ದವಡೆ, ಅದರ ಮೇಲೆ ಕಣ್ಣಿನ ಗುಳಿ.

"ಶಿವ ಶಿವಾ! ಸಂಬಂದ ಮಾತಾಡಕ್ ಬಂದೋರು ತಲೆಬುಲ್ಡೆ ತಂದವ್ರಲ್ಲ!" ಎಂದು ಮರಿದೇವಮ್ಮ ಎದ್ದೇ ನಿಂತರು. ಒಳಗಿನಿಂದ ಇಣುಕಿದ ಹೆಂಗಸರು ಹಾಗೇ ಹಿಂದೆ ಸರಿದರು. ಹುಡುಗನ ತಂದೆಯ ಕೈ ಮೀಸೆಯ ಮೇಲೇ ನಿಂತುಬಿಟ್ಟಿತು. ಶುಭಕಾರ್ಯದ ಮನೆಗೆ ಬುರುಡೆ ತಂದವರು ಅದುವರೆಗೆ ಆ ತಾಲ್ಲೂಕಿನಲ್ಲಿ ಯಾರೂ ಇದ್ದಿರಲಾರರು. ಅಲ್ಲಿಗೆ ಎಲ್ಲ ಮುಗಿಯಿತು, ಪಾರ್ವತಿಯ ಮುಖ ಹೇಗೆ ನೋಡಲಿ ಎಂದು ನನ್ನ ಕಣ್ಣಿಂದ ಧಾರೆ ಹರಿಯತೊಡಗಿತು. ಗಿರಿಜ ತಲೆ ತಗ್ಗಿಸಿ ಕೂತಿದ್ದಳು, ಪಕ್ಕದಲ್ಲಿ ಚೊಂಬು. ಅವಳು ನೀರು ಕುಡಿಯುವುದಕ್ಕೂ ಹೆದರುತ್ತಿದ್ದಳು.

ದೊಡ್ಡಮ್ಮ ಚಿತ್ರವನ್ನು ಮಗುಚಿಟ್ಟರು. ಸೊಂಟದ ಚೀಲ ಬಿಚ್ಚಿ ಹುಣಸೆ ಉಂಡೆ ತೆಗೆದು, ನಡುಪಡಸಾಲೆಯಲ್ಲಿ ಕೂತು ಚೀಪಲು ಶುರು ಮಾಡಿದರು. ಆ ದಿನದ ಲೊಟ್ಟೆ ಆಸ್ಪತ್ರೆಯದಕ್ಕಿಂತ ಮೇಲಿತ್ತು. ಹುಡುಗನ ತಂದೆ, "ಈ ಸಂಬಂದ ನಮ್ಗೆ..." ಎಂದು ಶುರು ಮಾಡಿದ ಮಾತು ಗಂಟಲಿಗೆ ಇಳಿದುಹೋಯಿತು. ಮತ್ತೆ ಎತ್ತಿದರು, ಮತ್ತೆ ಇಳಿಯಿತು. ಮರಿದೇವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಡುಗೆಮನೆಯ ಬಾಗಿಲಿನಿಂದ ನುಂಗುವ ಸದ್ದು ಸಾಲಾಗಿ ಕೇಳಿತು. "ಈಗ ಇವ್ಳ್ ಬಾಯ್ ನೋಡವ್ವ!" ಎಂದರು ದೊಡ್ಡಮ್ಮ. ಮರಿದೇವಮ್ಮ ಅನುಮಾನದಿಂದಲೇ ಬಂದು ಗಿರಿಜಳ ಗದ್ದ ಎತ್ತಿದರು. ಗಿರಿಜ ಬಾಯಿ ತೆರೆದಳು. ಎಳ್ಳುಂಡೆ ಇರಲಿಲ್ಲ. ನಾಲಗೆ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕುಬಿಟ್ಟಿತ್ತು. ಮರಿದೇವಮ್ಮ ಅದನ್ನು ನೋಡಿದರು, ಮುಟ್ಟದೆ ಹಾಗೇ ಇದ್ದ ಚೊಂಬನ್ನು ನೋಡಿದರು.

"ಅಯ್ಯೋ ನಮ್ಮವ್ವ, ಇಷ್ಟೊತ್ತೂ ಯಾಕೆ ಅಂಗೇ ಕೂತಿದ್ದೀರಿ? ಮೊದ್ಲು ನೀರು ಕುಡೀರಿ" ಎಂದು ತಾವೇ ಚೊಂಬೆತ್ತಿ ಕೊಟ್ಟರು. ನೂಲು ಸೀರೆಯ ಗಾದೆ ಅಲ್ಲಿಗೆ ಮುಗಿಯಿತು. ಆದರೂ ಹೆತ್ತ ತಾಯಿ, ಕೇಳದೆ ಇರಲಾಗಲಿಲ್ಲ. "ಮಗೀಗೂ ಬತ್ತದಾ ಇದು?" ಎಂದರು. ದೊಡ್ಡಮ್ಮ ನನ್ನ ಕಡೆ ಬೆರಳು ಮಾಡಿ, "ಎದ್ರುಕಬ್ಯಾಡಿ, ಪಾರು ಅಪ್ಪನ್ ತರ. ನೋಡಿ, ಎಂಗ್ ಅರೀತಾ ಅವ್ನೆ!" ಎಂದರು. ನನ್ನ ಕಣ್ಣೀರು ಜೀವನದಲ್ಲಿ ಪ್ರಯೋಜನಕ್ಕೆ ಬಂದದ್ದು ಅದೊಂದೇ ಸಲ.

ಮದುವೆ ಅರಕಲಗೂಡಿನಲ್ಲೇ ಆಯಿತು. ಹೆಣ್ಣು ಒಪ್ಪಿಸಿಕೊಡುವ ಹೊತ್ತಿಗೆ ಎಲ್ಲರ ಕಣ್ಣೂ ಗಿರಿಜಳ ಮೇಲೆ. ದೊಡ್ಡಮ್ಮ ಅವಳ ಪಕ್ಕದಲ್ಲಿ ಕಾವಲು ನಿಂತಿದ್ದರು, ಪಿಸುಗುಟ್ಟಿದವರ ಕಡೆ ಹುಣಸೆ ಚೀಲ ಮುಟ್ಟಿ ತೋರಿಸುತ್ತ. ಗಿರಿಜ ಮಗಳ ಕೈಯನ್ನು ಮರಿದೇವಮ್ಮನ ಕೈಯಲ್ಲಿಟ್ಟಳು. ಒಣ ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ಪಾರ್ವತಿ ತಾಯಿಯ ಕೆನ್ನೆಗೆ ಕೆನ್ನೆಯಿಟ್ಟು ಬಹಳ ಹೊತ್ತು ಬಿಡಲಿಲ್ಲ. ನಾನು ಏನು ಮಾಡುತ್ತಿದ್ದೆ ಎಂದು ಬೇರೆ ಹೇಳಬೇಕಾಗಿಲ್ಲ. ಓಲಗದವನು ನನ್ನನ್ನು ನೋಡಿ ನುಡಿಸುವುದನ್ನೇ ನಿಲ್ಲಿಸಿದ.

ವಾಪಸು ಬರುವ ಬಸ್ಸಿನಲ್ಲೂ ನನ್ನದು ನಿಂತಿರಲಿಲ್ಲ. ಸ್ವಲ್ಪ ದೂರ ಬಂದ ಮೇಲೆ ಗಿರಿಜ ತನ್ನ ಚೊಂಬನ್ನು ನನ್ನ ಕೈಗಿಟ್ಟಳು. "ಕುಡೀರಿ. ಅತ್ತು ಅತ್ತು ಬಾಯಿ ಒಣಗಿರುತ್ತೆ" ಎಂದಳು. ನಿಜ, ನಾಲಗೆ ಅಂಗುಳಿಗೆ ಅಂಟಿಕೊಂಡು ಮಾತೇ ಹೊರಡುತ್ತಿರಲಿಲ್ಲ. ಇವಳಿಗೆ ದಿನವೂ, ಎಲ್ಲ ಹೊತ್ತೂ ಹೀಗೆಯೇ ಇರುತ್ತದೆ ಎಂದು ನನಗೆ ತಲೆಯಲ್ಲಿ ಗೊತ್ತಿತ್ತು, ಬಾಯಿಗೆ ಗೊತ್ತಾದದ್ದು ಆಗ. ಆದರೆ ಹಾಗೆಂದು ಅರಿವಾಗುವ ಹೊತ್ತಿಗೆ ಗಟಗಟನೆ ಚೊಂಬು ಬರಿದು ಮಾಡಿಬಿಟ್ಟಿದ್ದೆ. ಅವಳು ಖಾಲಿ ಚೊಂಬನ್ನು ನೋಡಿದಳು, ಕಿಟಕಿಯ ಕಡೆ ತಿರುಗಿದಳು. ಹೊಳೆನರಸೀಪುರ ಇನ್ನೂ ದೂರವಿತ್ತು.

ನನಗೆ ತಡೆಯಲಿಲ್ಲ. ರಸ್ತೆಯ ಪಕ್ಕ, ಪೊದೆಗಳಾಚೆ ಒಂದು ಹೊಲದಲ್ಲಿ ಬಾವಿ ಕಂಡದ್ದೇ ಎದ್ದು ನಿಂತು "ನಿಲ್ಸಿ, ನಿಲ್ಸಿ!" ಎಂದು ಕೂಗಿದೆ. ಬಸ್ಸು ನಿಂತಿತು. ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಎತ್ತಿ ಹಿಡಿದ ಪಂಚೆ, ಕಣ್ಣಲ್ಲಿ ಧಾರಾಕಾರ ನೀರು. ಹಾಗೆ ಇಳಿದು ಪೊದೆಗಳ ಕಡೆ ಓಡುತ್ತಿದ್ದ ನನ್ನನ್ನು ಬಸ್ಸಿಗೆ ಬಸ್ಸೇ ಕಿಟಕಿಗಳಲ್ಲಿ ಇಣುಕಿ ನೋಡಿತು. ಹಿಂದಿನಿಂದ ಕಂಡಕ್ಟರ್ ತುಂಬು ಕರುಣೆಯಿಂದ ಕೂಗಿ ಹೇಳಿದ, "ಓಡ್ಬ್ಯಾಡಿ ಸಾ, ನಿಧಾನಕ್ಕೆ ಮುಗಿಸ್ಕಂಡ್ ಬನ್ನಿ. ಮದ್ವೆ ಊಟ, ಯಾರ್‌ಗಾದ್ರೂ ಅಂಗಾಯ್ತದೆ!"

ತುಂಬಿದ ಚೊಂಬು ಹಿಡಿದು ನಾನು ಬಸ್ಸು ಹತ್ತಿದಾಗ ಯಾರೂ ನನ್ನ ಮುಖ ನೋಡಲಿಲ್ಲ, ಪಕ್ಕದ ಸೀಟಿನವರು ಸ್ವಲ್ಪ ಜರುಗಿ ಕೂತರು. ಆ ಚೊಂಬಿನ ನೀರನ್ನು ಅಷ್ಟೂ ಜನರೆದುರು ಎತ್ತಿ ಕುಡಿದವಳು ಗಿರಿಜ ಒಬ್ಬಳೇ. ಕುಡಿದು, ಬಾಯೊರೆಸಿಕೊಂಡು, ನಕ್ಕಳು. ಹೊಟ್ಟೆ ಹಿಡಿದುಕೊಂಡು ಹೊಳೆನರಸೀಪುರದವರೆಗೂ ನಕ್ಕಳು. ಅಷ್ಟು ನಕ್ಕರೆ ಯಾರಿಗಾದರೂ ಕಣ್ಣಲ್ಲಿ ನೀರು ಬರಬೇಕು. ಅವಳಿಗೆ ಬರಲಿಲ್ಲ, ಎಂದಿನಂತೆ ಅದನ್ನೂ ನಾನೇ ನೋಡಿಕೊಂಡೆ.